ಗೋಣಿತಟ್ಟಿನ ಕೆಳಗಿನ ಸದ್ದು

ಶಹಾಪುರದಿಂದ ಶಿರವಾಳದ ಕಡೆ ಹೋಗುವ ಹಾದಿಯಲ್ಲಿ ನಮ್ಮ ಶಾಲೆ. ನಾನು ವಿಜ್ಞಾನದ ಟೀಚರು. ಪುಸ್ತಕದ ಚಿತ್ರ ನೋಡಿ ಮಾದರಿ ಮಾಡಬೇಡಿ, ನಿಮ್ಮ ಮನೆಯ ಒಂದು ತೊಂದರೆ ಹುಡುಕಿ ಅದಕ್ಕೆ ಏನಾದರೂ ಮಾಡಿ ಎಂದು ಹೆಣ್ಣುಮಕ್ಕಳ ಬೆನ್ನು ಹತ್ತಿದವಳು ನಾನೇ.

ಒಬ್ಬಳು ಹಾಲು ಉಕ್ಕಿದರೆ ಕೂಗುವ ಗಂಟೆ ಮಾಡಿದಳು. ಪ್ರಶ್ನೆ ಕೇಳಿದರೆ ನೆಲ ನೋಡುವ, ಒಂಬತ್ತನೇ ತರಗತಿಯ ಕುರಿಗಾರರ ಹುಡುಗಿ ಗೋಣಿತಟ್ಟು ತಂದಳು. ಅದರೊಳಗೆ ಎರಡು ಬೇಗಡೆ ಹಾಳೆ, ನಡುವೆ ತೂತು ಕೊರೆದ ರಟ್ಟು. ಮೇಲೆ ಕಾಲಿಟ್ಟರೆ ವೈರಿನ ಆಚೆ ತುದಿಯಲ್ಲಿ ಹಳೇ ಆಟಿಕೆಯ ಬಜರ್ ಪೀಂ ಎನ್ನುತ್ತಿತ್ತು.

"ಕಳ್ಳರಿಗೇನು?" ಎಂದು ನಕ್ಕೆ.

"ಅಲ್ರಿ ಮೇಡಂ. ನನ್ನ ನೋಡಾಕ ಬರೋರಿಗೆ."

ಸುರಪುರದ ಕಡೆಯವರು ಒಮ್ಮೆ ಹೆಣ್ಣು ನೋಡಲು ಬಂದು, ಇವಳು ಸಿಗದೆ ತಿರುಗಿ ಹೋಗಿದ್ದರು. ಹೆಣ್ಣಿನ ಮುಖ ಕಾಣದೆ ಇನ್ನೊಮ್ಮೆ ತಿರುಗಿದರೆ ಅಪಶಕುನ, ಮತ್ತೆ ಬರುವುದಿಲ್ಲ. ಆದರೆ ಹಿಂದಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವವಳಿಗೆ ಮುಂಬಾಗಿಲ ಸದ್ದು ಕೇಳಬೇಕಲ್ಲ; ಕೇಳಿದರೆ ತಾನೆ ಹಿತ್ತಲಿನಿಂದ ಓಡುವುದು.

"ಬಾಲ್ಯವಿವಾಹ ಅಂತ ದೂರು ಕೊಡ್ತೀನಿ" ಎಂದೆ.

"ಬ್ಯಾಡ್ರಿ. ಅಪ್ಪನ್ನ ಹಿಡಕೊಂಡು ಹೋಗ್ತಾರ."

ಅವತ್ತಿಗೆ ದೂರಿನ ಮಾತು ಬಿಟ್ಟೆ. ಸುಳ್ಳೇಕೆ ಹೇಳಲಿ, ತಟ್ಟು ನೋಡಿ ಹೆಮ್ಮೆಯೂ ಆಯಿತು.

ಅವಳನ್ನು ಯಾದಗಿರಿಯ ವಿಜ್ಞಾನ ಪ್ರದರ್ಶನಕ್ಕೆ ಕಳಿಸಿ ಎಂದು ಕೇಳಲು ಒಂದು ಸಂಜೆ ಅವರ ಮನೆಗೆ ಹೋದೆ. ತಾಯಿ ಚೊಂಬಿನಲ್ಲಿ ಕಾಲಿಗೆ ನೀರು ಕೊಟ್ಟಳು. ಕಾಲು ತೊಳೆದು, ಮುಂಬಾಗಿಲಲ್ಲಿ ಹಾಸಿದ್ದ ಅದೇ ತಟ್ಟಿನ ಮೇಲೆ ನಿಂತೆ. ಒಳಗೆ ಪೀಂ ಎಂದಿತು. ಹಿತ್ತಲ ಬಾಗಿಲು ದಡಾರನೆ ಬಡಿಯಿತು. ನಾನು ಪಕ್ಕಕ್ಕೆ ಸರಿದರೂ ಸದ್ದು ನಿಲ್ಲಲಿಲ್ಲ; ಹಾಳೆಗಳು ಒದ್ದೆಯಾಗಿ ಅಂಟಿಕೊಂಡಿದ್ದವು. ಹಾಳಾದ್ದು, ಬಂದವರಿಗೆ ಕಾಲಿಗೆ ನೀರು ಕೊಡುವ ಊರಿನಲ್ಲೇ ಹುಟ್ಟಿದ ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ.

ಅವಳ ಕಾಕಾ ವೈರು ಹಿಡಿದು ಅಡುಗೆಮನೆತನಕ ಹೋಗಿ, ಬಜರ್ ಕಿತ್ತುಕೊಂಡು ಬಂದ. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

"ಭಾಳ ಚಲೋ ಕಲಿಸೀರಿ. ಚಹಾ ಕುಡೀರಿ. ಸೋಮವಾರ ಸುರಪುರದವರು ಬರ್ತಾರ, ಅವತ್ತ ಆಕಿ ಸಾಲಿಗೆ ಬರಂಗಿಲ್ಲ."

ಪ್ರದರ್ಶನದ ಮಾತೆತ್ತದೆ, ಚಹಾ ಅಲ್ಲೇ ಇಟ್ಟು ಎದ್ದು ಬಂದೆ.

ಶನಿವಾರ ಅವಳು ಹೊಸ ಹಾಳೆಗಳನ್ನು ಹಾಲಿನ ಪಾಕೀಟಿನಲ್ಲಿ ಸುತ್ತಿ ತಂದಳು. "ಇನ್ನ ನೀರು ಹೋಗಂಗಿಲ್ರಿ. ಉದ್ದ ವೈರ್ ಬೇಕ್ರಿ. ಬೇವಿನ ಗಿಡದ ತನಕ. ಅವರ ಜೀಪು ಅಲ್ಲೇ ನಿಲ್ತದ, ಮಣ್ಣಾಗ ಹುಗೀತೀನಿ." ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದಳು. ಲ್ಯಾಬಿನಲ್ಲಿದ್ದ ವೈರಿನ ಸುರುಳಿಯನ್ನೇ, ಜೊತೆಗೊಂದು ಬಜರನ್ನೂ ಕೊಟ್ಟುಬಿಟ್ಟೆ.

ಸೋಮವಾರ ಹಾಜರಿ ಕೂಗುವಾಗ ಅವಳ ಹೆಸರಿಗೆ ಉತ್ತರ ಬರಲಿಲ್ಲ. ಪಾಠ ಅರ್ಧಕ್ಕೆ ಬಂದಾಗ ಬಾಗಿಲಲ್ಲಿ ನಿಂತಿದ್ದಳು. ಬರಿಗಾಲು, ಮೊಣಕೈತನಕ ಜೋಳದ ಹಿಟ್ಟು.

"ಕೂಗ್ತ್ರಿ ಮೇಡಂ" ಎಂದಳು.

ಒಳಗೆಳೆದು ಚಿಲಕ ಹಾಕಿದೆ. ಗೇಟಿನ ಹತ್ತಿರ ಜೀಪು ಬಂದು ನಿಂತಿತು. ಫೋನ್ ತೆಗೆದು, ದೂರು ಕೊಡುವ ನಂಬರ್ ಒತ್ತುತ್ತಾ ಅವಳ ಮುಖ ನೋಡಿದೆ. ಈ ಸಲ ಬ್ಯಾಡ ಅನ್ನಲಿಲ್ಲ.