ಕೋರೆಯ ದಾರಿ ಕಾದ ರೊಸಾರಿಯೊ

ತೆರೆಸಾ ಬಾಯಿ ರೊಸಾರಿಯೊನನ್ನು ಮೊದಲು ಕಂಡದ್ದು ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟ ಒಂದು ಬೆಳಿಗ್ಗೆ. ಗಂಡ ತೀರಿದ ಮೇಲೆ ಎರಡು ದನ, ಒಂದು ಹೋರಿ, ಇಷ್ಟೇ ಅವರ ಸಂಸಾರ. ಕಾರ್ಕಳದಾಚೆಯ ಅವರ ಊರಿನಲ್ಲಿ ಕಪ್ಪುಕಲ್ಲಿನ ಕೋರೆ ಆಗಷ್ಟೇ ಶುರುವಾಗಿತ್ತು. ದಾರಿಗೆ ಅಡ್ಡಲಾಗಿ ಸಣಕಲು ಮನುಷ್ಯನೊಬ್ಬ ಕೆಂಪು ಬಟ್ಟೆ ಹಿಡಿದು ನಿಂತಿದ್ದ.

“ಬಾಯಿ, ಈಗ ಆಚೆ ಹೋಗಲಿಕ್ಕಿಲ್ಲ. ಬಂಡೆ ಒಡೆಯಲಿಕ್ಕೆ ಮದ್ದು ಇಟ್ಟಿದ್ದಾರೆ.”

“ಹಾಲು ಒಡೆದರೆ ನಿನ್ನ ಧಣಿ ಬಂದು ಕುಡಿಯುತ್ತಾನಾ ಮಾರಾಯ? ಆ ಬಟ್ಟೆ ಕೆಳಗಿಡು. ನನ್ನ ಹೋರಿ ಕಂಡರೆ ನಿನಗೇ ಹಾಯ್ದೀತು.”

“ಹಾಯಲಿ. ಹೋರಿಯನ್ನೂ ಬಿಡುದಿಲ್ಲ.”

ಅವನು ನಗಲಿಲ್ಲ. ವಿಸಿಲ್ ಊದಿದ. ಕೆಳಗಿನ ಗುಂಡಿಯಿಂದ ಉತ್ತರವಾಗಿ ಇನ್ನೊಂದು ವಿಸಿಲ್ ಬಂತು. ಆಮೇಲೆ ಕಾಲಡಿಯ ನೆಲ ಒಳಗಿನಿಂದ ಒದ್ದಂತಾಯಿತು. ಹಕ್ಕಿಗಳೆಲ್ಲ ಸುಮ್ಮನಾದವು. ಅವು ಮತ್ತೆ ಕೂಗಿದ ಮೇಲೆಯೇ ಅವನು ದಾರಿ ಬಿಟ್ಟ.

ಕೋರೆಯ ಕ್ರಮ ಹಾಗೆ: ದಾರಿ ಖಾಲಿಯಾದ ಮೇಲೆ ರೊಸಾರಿಯೊ ವಿಸಿಲ್ ಊದಬೇಕು, ಅದು ಕೇಳದೆ ಕೆಳಗೆ ಮದ್ದು ಸಿಡಿಸುವಂತಿಲ್ಲ. ಕೆಲವು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಧಣಿಗೆ ರಸ್ತೆಯ ದೊಡ್ಡ ಕಂತ್ರಾಟು ಸಿಕ್ಕಿದ ಮೇಲೆ ಅವಸರ ಹೆಚ್ಚಿತು, ಮದ್ದೂ ಹೆಚ್ಚಿತು. ಬಾಯಿಯ ಅಡಿಗೆಕೋಣೆಯ ಗೋಡೆಯಲ್ಲಿ ಕೂದಲಿನಷ್ಟಿದ್ದ ಬಿರುಕಿಗೆ ಈಗ ಬೆರಳು ಹೋಗುತ್ತಿತ್ತು.

ಆಗಲೇ ಆದದ್ದು ಊರಿನ ಹುಡುಗ ಹರ್ಷಿತನ ಸಂಗತಿ. ರೊಸಾರಿಯೊ ಇನ್ನೂ ವಿಸಿಲ್ ಊದಿರಲಿಲ್ಲ. ತಿರುವಿನಲ್ಲಿ ಹುಡುಗನ ಬೈಕು ಬರುವುದನ್ನು ಕಂಡು ನಿಲ್ಲು ನಿಲ್ಲು ಎಂದು ಬಟ್ಟೆ ಬೀಸುತ್ತಿದ್ದ. ಅಷ್ಟರಲ್ಲಿ ಕೆಳಗೆ ಸಿಡಿಸಿಯೇಬಿಟ್ಟರು. ಹಾರಿ ಬಂದ ಕಲ್ಲು ಹುಡುಗನ ಮೊಣಕಾಲನ್ನು ಪುಡಿ ಮಾಡಿತು.

ಮರುದಿನ ಧಣಿ ರೊಸಾರಿಯೊನನ್ನು ಕರೆಸಿದರು. “ವಿಸಿಲ್ ಊದಿದ್ದೆ, ಹುಡುಗನೇ ನುಗ್ಗಿದ ಅಂತ ಪೊಲೀಸರಿಗೆ ಹೇಳು. ನಿನ್ನ ಕೆಲಸಕ್ಕೆ ಎಂತದೂ ತೊಂದರೆ ಇಲ್ಲ.”

“ಊದಲಿಲ್ಲವಲ್ಲ ಧಣಿ.”

“ಸರಿ. ಯಾಕೆ ಊದಲಿಲ್ಲ ಅಂತ ನಾವೇ ಹೇಳುತ್ತೇವೆ.”

ಹೇಳಿಯೂ ಬಿಟ್ಟರು. ರೊಸಾರಿಯೊ ಕುಡಿದು ಬಿದ್ದಿದ್ದ, ಕಣ್ಣಾರೆ ಕಂಡೆ ಎಂದು ಕೋರೆಯ ಲೆಕ್ಕ ಬರೆಯುವ ರೈಟರ್ ಸುಂದರ ಠಾಣೆಯಲ್ಲಿ ಸಾಕ್ಷಿ ನುಡಿದ. ಹಬ್ಬದ ದಿನವೂ ಗ್ಲಾಸು ಮುಟ್ಟದ ಮನುಷ್ಯ! ಕೆಲಸ ಹೋಯಿತು, ಕೇಸು ಬಿತ್ತು. ಭಾನುವಾರದ ಪ್ರಾರ್ಥನೆಗೆ ಇಗರ್ಜಿಯಲ್ಲಿ ಅವನು ಕೂತ ಬೆಂಚಿನಲ್ಲಿ ಜನ ಕೂರುವುದನ್ನು ಬಿಟ್ಟರು. ತೆರೆಸಾ ಬಾಯಿ ಹೋಗಿ ಪಕ್ಕದಲ್ಲಿ ಕೂತರು.

ಕೋರೆ ನಿಲ್ಲಲಿಲ್ಲ. ದಾರಿ ಕಾಯಲು ಹೊಸ ಆಳನ್ನು ಹಾಕಲೂ ಇಲ್ಲ. ಒಂದು ಬೆಳಿಗ್ಗೆ ನೋಡಿದರೆ ರೊಸಾರಿಯೊ ಅದೇ ತಿರುವಿನಲ್ಲಿ, ಮೈ ಒರಸುವ ತನ್ನದೇ ಕೆಂಪು ಬೈರಾಸು ಹಿಡಿದು ನಿಂತಿದ್ದಾನೆ!

“ನಿನಗೆ ತಲೆ ಸಮ ಉಂಟಾ? ಹೊರಗೆ ಹಾಕಿದವನ ಚಾಕರಿ ಬಿಟ್ಟಿಗೆ ಮಾಡುದಾ?”

“ಬೈಬಲಿನಲ್ಲಿ ಸುಳ್ಳು ಹೇಳಿ ಯೋಸೇಫನನ್ನು ಜೈಲಿಗೆ ಹಾಕಿದರಲ್ಲ ಬಾಯಿ, ಅಲ್ಲಿ ಅವನು ಗೋಡೆಗೆ ಮುಖ ಮಾಡಿ ಕೂತನಾ? ಜೈಲಿನ ಕೆಲಸವನ್ನೂ ಸರಿಯಾಗಿ ಮಾಡಿದ. ದೇವರು ಅಲ್ಲಿಯೂ ಅವನ ಒಟ್ಟಿಗೆ ಇದ್ದರು.”

“ಅವನು ಆಮೇಲೆ ಮಂತ್ರಿ ಆದ. ನೀನು ಎಂತ ಆಗುತ್ತಿ?”

“ಅದು ದೇವರು ನನಗೆ ಹೇಳಲಿಲ್ಲ. ಶಾಲೆ ಮಕ್ಕಳು ಬರುವ ಹೊತ್ತಾಯಿತು, ಬದಿಗೆ ನಿಲ್ಲಿ.”

ಆಮೇಲೆ ನಂಬರ್ ಪ್ಲೇಟಿಲ್ಲದ ಒಂದು ಜೀಪು ತಿರುವಿನಲ್ಲಿ ಬಂದು ನಿಲ್ಲತೊಡಗಿತು. ಯಾರೂ ಇಳಿಯುತ್ತಿರಲಿಲ್ಲ. ಇಂಜಿನ್ ಮಾತ್ರ ಗುರುಗುಡುತ್ತಿತ್ತು. ದಿನ ಹೋದಂತೆ ಅದು ಅವನಿಗೆ ಹತ್ತಿರ, ಇನ್ನೂ ಹತ್ತಿರ ನಿಲ್ಲುತ್ತಿತ್ತು. ಒಳಗೆ ಯಾರು ಎಂದು ಬಾಯಿ ಕೇಳಿದರೆ, “ಗಾಜು ಕಪ್ಪು, ಕಾಣುದಿಲ್ಲ” ಎನ್ನುತ್ತಿದ್ದ.

ಅವನು ಕೋರ್ಟಿನಲ್ಲಿ ನಿಂತು ಹೇಳಿಕೆ ಕೊಡಬೇಕಾದ ವಾರ. ಹಾಲು ಕೊಟ್ಟು ಮರಳುತ್ತಿದ್ದ ಬಾಯಿಗೆ ತಿರುವಿನಾಚೆ ಏನೋ ಬಡಿದ ಸದ್ದು ಕೇಳಿಸಿತು. ಬ್ರೇಕ್ ಹಾಕಿದ ಸದ್ದು ಇರಲಿಲ್ಲ. ಓಡಿ ಬಂದರೆ ದಾರಿಯಲ್ಲಿ ಧೂಳು ಮಾತ್ರ. ರೊಸಾರಿಯೊ ಚರಂಡಿಯಲ್ಲಿ ಬಿದ್ದಿದ್ದ.

ಮಣಿಪಾಲದ ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾದಾಗ ಪಕ್ಕದಲ್ಲಿದ್ದದ್ದು ಬಾಯಿ ಒಬ್ಬರೇ. ಅವರು ಅವನ ಕಿವಿಯ ಬಳಿ ಬಗ್ಗಿದರು.

“ಪೊಲೀಸರು ಹೊರಗೆ ಕೂತಿದ್ದಾರೆ. ಧಣಿಯದೇ ಜೀಪು, ಸುಂದರನೇ ಬಿಡುತ್ತಿದ್ದ, ನಾನು ನೋಡಿದೆ ಅಂತ ಹೇಳುತ್ತೇನೆ. ಮುದುಕಿಯ ಮಾತು ನಂಬುತ್ತಾರೆ. ಒಳಗೆ ಹೋಗಲಿ ಇಬ್ಬರೂ!”

ಮಾತಾಡುವಷ್ಟು ಉಸಿರು ಬರಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಹೊರಗೆ ಬೂಟಿನ ಸದ್ದು ಹತ್ತಿರವಾಯಿತು. ಪರದೆ ಅಲುಗಿತು.

“ತೆರೆಸಾ ಬಾಯಿ,” ಎಂದ ರೊಸಾರಿಯೊ, “ನೀವು ಕಣ್ಣಾರೆ ನೋಡಿದ್ದೀರಾ?”