ಹಿಮ್ಮುಖವಾಗಿ ಕೂತವಳು ಕಂಡ ಗ್ರಹಣ

ಉಧ್ನಾ ರೈಲು ನಿಲ್ದಾಣದ ಎದುರಿಗಿದ್ದ ಐತಾಳರ ಹೋಟೆಲು ಇಡೀ ದಿನ ಬಾಗಿಲು ಹಾಕಿದ್ದು ಅವರ ಹೆಂಡತಿ ಕಮಲಾಕ್ಷಿಯ ನೆನಪಿನಲ್ಲಿ ಎರಡೇ ಸಲ. ಒಮ್ಮೆ, ಸೂರತ್‌ಗೆ ಪ್ಲೇಗ್ ಬಂದು ಸಿಕ್ಕಿದ ರೈಲಿಗೆ ಜನ ನೇತುಬಿದ್ದು ಹೊರಟಾಗ. ಇನ್ನೊಮ್ಮೆ, ೧೯೯೯ರ ಆಗಸ್ಟ್ ತಿಂಗಳ ಸೂರ್ಯಗ್ರಹಣಕ್ಕೆ.

ಎರಡನೆಯ ಸಲ ಬಾಗಿಲು ಹಾಕಿಸಿದ್ದು ಪಂಚಾಂಗ. ಪಟ್ಟಾಭಿರಾಮ ಐತಾಳರು ಸಾಲಿಗ್ರಾಮದ ಕಡೆಯವರು. ಗುಜರಾತಿಗೆ ಬಂದು ಇಪ್ಪತ್ತೈದು ವರ್ಷವಾದರೂ ಪಂಚಾಂಗವನ್ನು ಊರಿಂದಲೇ ತರಿಸುತ್ತಿದ್ದರು. ಈ ಗ್ರಹಣ ಗ್ರಸ್ತಾಸ್ತ ಎಂದು ಅದರಲ್ಲಿತ್ತು. ಎಂದರೆ, ಹಿಡಿದ ಗ್ರಹಣ ಬಿಡುವುದರೊಳಗೆ ಸೂರ್ಯ ಮುಳುಗುತ್ತಾನೆ. ಮರುದಿನ ಹುಟ್ಟಿದ ಸೂರ್ಯನನ್ನು ನೋಡಿಯೇ ಊಟ. ಹಾಗಾಗಿ ಹಿಂದಿನ ರಾತ್ರಿಯೇ ಸಾಂಬಾರಿನ ಪಾತ್ರೆಗಳು ಬರಿದಾದವು, ಉಪ್ಪಿನಕಾಯಿ ಭರಣಿಗಳ ಮೇಲೆ ದರ್ಭೆ ಬಿತ್ತು, ರುಬ್ಬುವ ಕಲ್ಲು ತೊಳೆಸಿಕೊಂಡು ಸುಮ್ಮನಾಯಿತು.

ಆ ಸುಮ್ಮನಿರುವ ಕಲ್ಲನ್ನು ನೋಡಿ ಕಮಲಾಕ್ಷಿ ಬಾಯಿ ಬಿಟ್ಟಳು.

"ನಾಳೆ ವಡೋದರಾಕ್ಕೆ ಹೋಗುವ."

"ಗ್ರಹಣದ ದಿನ ಪ್ರಯಾಣವಾ? ಎಂತ ಆಯ್ತು ಮಾರಾಯ್ತಿ ನಿಂಗೆ?"

"ಇಲ್ಲಿ ಪೂರ್ತಿ ಹಿಡಿಯುದಿಲ್ಲವಂತೆ. ಒಂದು ಎಳೆ ಉಳೀತದಂತೆ. ವಡೋದರಾದ ಕಡೆ ಪೂರ್ತಿ."

"ಒಂದು ಎಳೆ ಉಳಿದ್ರೆ ಒಳ್ಳೇದೇ ಅಲ್ವಾ?"

ಒಳ್ಳೆಯದಲ್ಲ ಎಂದು ಅವಳಿಗೆ ಹತ್ತೊಂಬತ್ತು ವರ್ಷಗಳಿಂದ ಗೊತ್ತಿತ್ತು.

೧೯೮೦ರ ಫೆಬ್ರವರಿಯಲ್ಲಿ ಅವಳು ಬಾಣಂತನಕ್ಕೆಂದು ಅಂಕೋಲೆಯ ತವರಿಗೆ ಹೋಗಿದ್ದಳು. ಪೂರ್ಣ ಸೂರ್ಯಗ್ರಹಣದ ನೆರಳು ಅರಬ್ಬಿ ಸಮುದ್ರ ದಾಟಿ ಆ ಊರಿನ ಮೇಲೆಯೇ ಹಾದು ಹೋಯಿತು. ಏಳು ತಿಂಗಳ ಬಸುರಿಯನ್ನು ನಡುಮನೆಯ ಕೋಣೆಯಲ್ಲಿ ಅಂಗಾತ ಮಲಗಿಸಿ, ಕಿಟಕಿಗಳಿಗೆ ಗೋಣಿಚೀಲ ತುರುಕಿದ್ದರು. ಕೈಕಾಲು ಮಡಚಬಾರದು, ಏನನ್ನೂ ಕತ್ತರಿಸಬಾರದು, ಹೊಟ್ಟೆಯ ಮಗುವಿಗೆ ಊನವಾಗುತ್ತದೆ. ಅವಳು ಮಡಚಲಿಲ್ಲ. ಆದರೆ ಹೆಂಚಿನ ಸಂದಿನಿಂದ ಒಂದು ಬಿಸಿಲಿನ ಬಿಲ್ಲೆ ಗೋಡೆಗೆ ಬಿದ್ದಿತ್ತು. ದಿನವೂ ದುಂಡಗಿರುತ್ತಿದ್ದ ಬಿಲ್ಲೆ ಅವತ್ತು ಒಂದು ಬದಿಯಿಂದ ಸವೆಯತೊಡಗಿತು. ಅರ್ಧವಾಯಿತು, ಉಗುರಿನಷ್ಟಾಯಿತು. ಸಣ್ಣ ತೂತಿನಿಂದ ಬರುವ ಬೆಳಕು ಸೂರ್ಯನ ಆಕಾರವನ್ನೇ ಗೋಡೆಗೆ ಇಳಿಸುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಾನು ಏನನ್ನೋ ಕದ್ದು ನೋಡುತ್ತಿದ್ದೇನೆ ಎನಿಸಿ ಉಸಿರು ಬಿಗಿ ಹಿಡಿದಳು. ಇನ್ನೇನು ಕೂದಲೆಳೆಯಷ್ಟು ಉಳಿದಿದೆ ಎನ್ನುವಾಗ ಅಮ್ಮನಿಗೆ ಅದು ಕಂಡಿತು. ಅವಳು ಸೆರಗನ್ನು ಮಗಳ ಕಣ್ಣಿನ ಮೇಲೆ ಹಾಕಿದಳು. ಹೊರಗೆ ಕಾಗೆಗಳು ಮಾವಿನ ಮರಕ್ಕೆ ಮರಳಿದ ಸದ್ದು. ಆಮೇಲೆ ಬೀದಿಯಲ್ಲಿ ಯಾರೋ ಒಬ್ಬ "ಅಯ್ಯೋ ದೇವರೇ" ಎಂದು ಕೂಗಿದ. ಆ ದನಿಯಲ್ಲಿ ಹೆದರಿಕೆ ಇರಲಿಲ್ಲ.

ಆ ಮನುಷ್ಯ ಏನು ಕಂಡ? ಅಂದಿನಿಂದ ಹಿಟ್ಟು ಕಲಸುವಾಗ, ಕಾಯಿ ತುರಿಯುವಾಗ, ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹಾಲಿನವನಿಗಾಗಿ ಕಾಯುವಾಗ ಈ ಪ್ರಶ್ನೆ ಬಂದು ಅವಳ ಪಕ್ಕ ಕೂರುತ್ತಿತ್ತು. ಹುಟ್ಟಿದ ಮಗು ವಿಂಧ್ಯಾ ಈಗ ವಡೋದರಾದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಓದಿನ ಜತೆ ನೀರಾಟದ ಹುಚ್ಚು. ಊರಿನ ದಕ್ಷಿಣಕ್ಕಿದ್ದ ಜಲಾಶಯವೊಂದರಲ್ಲಿ, ಮೋಟಾರು ದೋಣಿ ಎಳೆಯುವ ಹಗ್ಗ ಹಿಡಿದು, ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಜಾರುವುದನ್ನು ಕಲಿತಿದ್ದಳು. ಗ್ರಹಣದ ಸಂಜೆ ಅವಳ ತಂಡ ಅಲ್ಲೇ ಸೇರುವುದಿತ್ತು. ನಡುನೀರಿನಲ್ಲಿ ಮರವಿಲ್ಲ, ಮನೆಯಿಲ್ಲ. ಆಕಾಶ ಅಂಚಿನವರೆಗೂ ತೆರೆದಿರುತ್ತದೆ.

"ಗ್ರಹಣ ಹಿಡಿದಾಗ ಹುಡುಗಿ ಹಲಗೆ ಮೇಲೆ ಕುಣಿಯುದಾ?" ಐತಾಳರು ಕೇಳಿದರು.

"ಗ್ರಹಣಕ್ಕೆ ನೀರಲ್ಲಿ ನಿಲ್ಬೇಕು ಅಂತ ನೀವೇ ಹೇಳುದಲ್ವಾ? ನೀವು ಸೊಂಟದವರೆಗೆ ನಿಲ್ಲಿ, ಅವಳು ಪಾದದವರೆಗೆ ನಿಲ್ತಾಳೆ."

ಐತಾಳರಿಗೆ ನಗು ಬಂತು, ತಡೆದುಕೊಂಡರು. ಮಳೆಗಾಲದ ತಾಪಿ ನದಿಯ ಕೆಸರಿಗಿಂತ ಜಲಾಶಯದ ನೀರಿನಲ್ಲಿ ನಿಂತು ಜಪ ಮಾಡುವುದು ಮೇಲು ಎಂದು ಅವರಿಗೂ ಅನ್ನಿಸಿತು. ಮಡಿ ಪಂಚೆ, ಜಪಮಣಿ, ಒಂದು ಹಿಡಿ ದರ್ಭೆ ಚೀಲಕ್ಕಿಳಿದವು. ಬೆಳಗಿನ ರೈಲಿಗೆ ಗಂಡಹೆಂಡಿರು ಹಸಿದ ಹೊಟ್ಟೆಯಲ್ಲಿ ಹೊರಟರು.

ಜಲಾಶಯ ತುಂಬಿತ್ತು. ಆಕಾಶವೂ ತುಂಬಿತ್ತು. ಮಧ್ಯಾಹ್ನವಿಡೀ ಮೋಡದ ಮೇಲೆ ಮೋಡ. ಪಡುವಣದ ಅಂಚಿನಲ್ಲಿ ಮಾತ್ರ ಒಂದು ಪಟ್ಟಿ ತಿಳಿಯಾಗಿತ್ತು. ದಂಡೆಯಲ್ಲಿ ದೋಣಿಯ ಯಜಮಾನ ಜಯೇಶ್‌ಭಾಯ್ ಬೇರೊಂದು ಕಾರಣಕ್ಕೆ ಮುಖ ಗಂಟಿಕ್ಕಿಕೊಂಡಿದ್ದ. ದೋಣಿ ಓಡಿಸುವವನು ಮುಂದೆ ನೋಡಬೇಕು. ಹಿಂದೆ ಜಾರುತ್ತ ಬರುವವರ ಮೇಲೆ ಕಣ್ಣಿಡಲು ಇನ್ನೊಬ್ಬರು ಹಿಮ್ಮುಖವಾಗಿ ಕೂರಬೇಕು. ಆ ಜಾಗದ ಹುಡುಗನನ್ನು ಗ್ರಹಣವೆಂದು ಅವನ ಅಜ್ಜಿ ಮನೆಯಿಂದ ಬಿಟ್ಟಿರಲಿಲ್ಲ. ಉಳಿದ ಗೆಳೆಯರೂ ಒಂದೊಂದು ನೆಪ ಹೇಳಿದ್ದರು. ಹಿಂದೆ ನೋಡುವವರಿಲ್ಲದೆ ಹಗ್ಗ ಕಟ್ಟುವುದಿಲ್ಲ ಎಂದು ಜಯೇಶ್‌ಭಾಯ್ ಕೈಯಲ್ಲಾಡಿಸಿಬಿಟ್ಟ.

"ಅಮ್ಮಾ, ನೀನು ಕೂತ್ಕೊ ನಾ," ಎಂದಳು ವಿಂಧ್ಯಾ. "ಈಸಿ ಹೈ. ನನ್ನನ್ನೇ ನೋಡ್ತಾ ಇರೋದು, ಬಸ್, ಅಷ್ಟೇ."

"ನಾನಾ? ದೋಣಿಯಲ್ಲಾ?"

"ನಾನು ಹುಟ್ಟಿದಾಗಿಂದ ಅದೇ ಕೆಲಸ ಮಾಡ್ತಿದ್ದೀ, ಅಲ್ವಾ?"

ಅವಳ ಸೀರೆಯ ಮೇಲೆಯೇ ಕಿತ್ತಳೆ ಬಣ್ಣದ ತೇಲುಜಾಕೀಟು ತೊಡಿಸಿದರು. ಕೈಗೊಂದು ಬಾವುಟ ಕೊಟ್ಟು ಜಯೇಶ್‌ಭಾಯ್ ನಿಧಾನವಾಗಿ, ಪಾಠ ಒಪ್ಪಿಸಿದಂತೆ ಹಿಂದಿಯಲ್ಲಿ ಹೇಳಿದ. "ಬೇಟಿ ಬಿದ್ದರೆ ಝಂಡಾ ಊಪರ್. ಆಮೇಲೆ ಅವಳ ತಲೆ ಬಿಟ್ಟು ಬೇರೆ ಎಲ್ಲೂ ನಹೀಂ ದೇಖನಾ, ಬೆಹೆನ್. ಆಕಾಶ ಕೂಡ ಇಲ್ಲ. ಕತ್ತಲಲ್ಲಿ ನೀರಿನ ಮೇಲೆ ತಲೆ ಒಂದು ಸಲ ತಪ್ಪಿದರೆ ಹುಡುಕೋದು ಮುಶ್ಕಿಲ್."

ಕಮಲಾಕ್ಷಿ ಹೂಂ ಎಂದಳು. ಹೂಂ ಎಂದಮೇಲೆಯೇ ತಾನು ಒಪ್ಪಿಕೊಂಡಿದ್ದೇನೆಂದು ಅವಳಿಗೆ ಅರ್ಥವಾಯಿತು.

ದಂಡೆಯ ಬಳಿ ಐತಾಳರು ಸೊಂಟದವರೆಗಿನ ನೀರಿನಲ್ಲಿ ನಿಂತು ಕಣ್ಣು ಮುಚ್ಚಿದ್ದರು. ದೋಣಿ ಪೂರ್ವಕ್ಕೆ ಹೊರಟಿತು. ಹಗ್ಗ ಬಿಗಿಯಿತು, ವಿಂಧ್ಯಾ ನೀರಿನಿಂದ ಎದ್ದು ನಿಂತಳು. ತನ್ನ ಮಗಳು, ಒಗ್ಗರಣೆ ಸಿಡಿದರೆ ಹಾರಿಬೀಳುತ್ತಿದ್ದವಳು, ಎರಡು ಹಲಗೆಗಳ ಮೇಲೆ ನೀರನ್ನು ಸೀಳಿಕೊಂಡು ಬರುತ್ತಿದ್ದಳು. ಒಂದು ಸುತ್ತು, ಇನ್ನೊಂದು ಸುತ್ತು. ಬೆಳಕು ತೆಳುವಾಗತೊಡಗಿತು. ಸಂಜೆಯ ಹಳದಿ ಅದರಲ್ಲಿರಲಿಲ್ಲ. ಬೂದಿ ಬಳಿದ ಕಂಚಿನ ಪಾತ್ರೆಯ ಹಾಗಿತ್ತು. ಇದೇ ಕೊನೆಯ ಸುತ್ತು, ಪೂರ್ತಿ ಹಿಡಿಯುವ ಮೊದಲೇ ನಿಲ್ಲಿಸುತ್ತೇನೆ ಎಂದು ಜಯೇಶ್‌ಭಾಯ್ ಕೂಗಿ ದೋಣಿಯನ್ನು ಮತ್ತೆ ಪೂರ್ವಕ್ಕೆ ತಿರುಗಿಸಿದ.

ಕಮಲಾಕ್ಷಿಯ ಮುಖ ಪಶ್ಚಿಮಕ್ಕೆ. ನೆರಳು ಬರುವುದು ಅಲ್ಲಿಂದಲೇ. ದೋಣಿಯಲ್ಲಿ ಆ ದಿಕ್ಕಿಗೆ ತಿರುಗಿ ಕೂತವಳು ಅವಳೊಬ್ಬಳೇ.

ವಿಂಧ್ಯಾಳ ಬೆನ್ನ ಹಿಂದೆ, ದೂರದ ದಂಡೆಯ ಆಚೆ, ಮೋಡಗಳ ಹೊಟ್ಟೆ ನೀಲಿಯಾಯಿತು. ನೀಲಿ ಕಪ್ಪಾಯಿತು. ಆ ಕಪ್ಪು ಎದ್ದು ನಿಂತು ಬರತೊಡಗಿತು, ಸದ್ದಿಲ್ಲದೆ, ಯಾವ ಮಳೆಗೂ ಇಲ್ಲದ ವೇಗದಲ್ಲಿ. ದಂಡೆ ಅದರಲ್ಲಿ ಮುಳುಗಿತು. ನೀರು ಮುಳುಗುತ್ತ ಬಂತು. ಅದರ ಮುಂದೆ ತನ್ನ ಮಗಳು, ಏನೂ ಅರಿಯದೆ, ನಗುತ್ತ. ಕಮಲಾಕ್ಷಿ ಕೂಗಲು ಬಾಯಿ ತೆರೆದಳು. ಅಮ್ಮನ ಮುಖ ಕಂಡ ವಿಂಧ್ಯಾ ಏನಾಯಿತೆಂದು ಹಿಂದೆ ತಿರುಗಿದಳು. ಹಲಗೆ ಅಡ್ಡವಾಯಿತು. ಅವಳು ಬಿದ್ದದ್ದೂ ಕತ್ತಲು ಬಿದ್ದದ್ದೂ ಒಂದೇ ಗಳಿಗೆಯಲ್ಲಿ.

ಬಾವುಟ ಮೇಲಕ್ಕೆ ಹೋಯಿತು. "ಬಿದ್ದಳು!" ಎಂಬ ಕನ್ನಡದ ಕೂಗು ಜಯೇಶ್‌ಭಾಯ್‌ಗೆ ಅರ್ಥವಾಯಿತು. ಎಂಜಿನ್ ತಗ್ಗಿತು.

ದಂಡೆಯ ಹಳ್ಳಿಯಿಂದ ಒಮ್ಮೆಲೇ ನೂರಾರು ಗಂಟಲುಗಳ ಕೂಗು ಎದ್ದಿತು. ಅಂಕೋಲೆಯ ಬೀದಿಯ ಅದೇ ದನಿ. ಮೋಡದ ಕೆಳಗಿನ ತಿಳಿಯಾದ ಪಟ್ಟಿಯಲ್ಲಿ ಸೂರ್ಯ ಇದ್ದಾನೆ, ಎದುರಿಗೇ ಇದ್ದಾನೆ, ಮಗಳ ತಲೆಯಿಂದ ಒಂದು ಗೇಣಿಗೂ ಕಡಿಮೆ ಮೇಲೆ. ಕತ್ತು ಎತ್ತಬೇಕಿಲ್ಲ, ಕಣ್ಣು ಎತ್ತಿದರೆ ಸಾಕು. ಕಮಲಾಕ್ಷಿ ಎತ್ತಲಿಲ್ಲ. ಹತ್ತೊಂಬತ್ತು ವರ್ಷಗಳ ಹಿಂದೆ ಅಮ್ಮ ಸೆರಗಿನಿಂದ ಮುಚ್ಚಿದ್ದನ್ನು ಈಗ ಅವಳು ತಾನಾಗಿಯೇ ಮುಚ್ಚಿಕೊಂಡಳು. ಕಪ್ಪು ನೀರಿನಲ್ಲಿ ತೆಂಗಿನಕಾಯಿಯಷ್ಟು ಕಪ್ಪು ತಲೆ. ಅದನ್ನೇ ಹಿಡಿದಳು, ಕಣ್ಣು ಮಿಟುಕಿಸಲಿಲ್ಲ.

ದೋಣಿಯ ಅಲೆಗಳು ಇಳಿದು ನೀರು ಸಮವಾಯಿತು. ಆಗ ಮಗಳ ತಲೆಯ ಪಕ್ಕದಲ್ಲೇ, ನೀರಿನಲ್ಲಿ, ಏನೋ ಬಿಳಿಯಾಗಿ ನಡುಗಿತು. ಊರಿನಲ್ಲಿ ಹಿರಿಯರು ಗ್ರಹಣವನ್ನು ಅರಿಸಿನದ ನೀರಿನ ತಟ್ಟೆಯಲ್ಲಿ ನೋಡುತ್ತಿದ್ದರು. ಇಲ್ಲಿ ಜಲಾಶಯವೇ ತಟ್ಟೆಯಾಗಿತ್ತು.

ವಿಂಧ್ಯಾ ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ, ಬೆರಳು ಹೆಣೆದು, ತೋಳುಗಳನ್ನು ದುಂಡಗೆ ಮಾಡಿದಳು. ನಾನು ಸರಿಯಾಗಿದ್ದೇನೆ ಎನ್ನಲು ನೀರಾಟದವರು ಮಾಡುವ ಗುರುತು ಅದು. "ಅಮ್ಮಾ! ಊಪರ್! ಮೇಲೆ ನೋಡು, ನಾನಿದ್ದೀನಿ!"

ಆಗ ಕಮಲಾಕ್ಷಿ ಕಣ್ಣೆತ್ತಿದಳು.

ಮಗಳ ತೋಳಿನ ಬಳೆಯ ಮೇಲೆ ಇನ್ನೊಂದು ಬಳೆ. ನಡುವೆ ಕಾವಲಿಯಂಥ ಕಪ್ಪು, ಸುತ್ತ ನೀರುದೋಸೆಯ ಅಂಚಿನಂತೆ ನೂಲುನೂಲಾಗಿ ಹರಡಿದ ಬಿಳಿ. ಅದು ಉರಿಯುತ್ತಿರಲಿಲ್ಲ, ಇತ್ತು. ಸುತ್ತಲೂ, ನಾಲ್ಕೂ ದಿಕ್ಕಿಗೆ, ದಿಗಂತದಲ್ಲಿ ಬೆಳಗಿನ ಜಾವದ ಕೆಂಪು. ನೆತ್ತಿಯ ಮೇಲೆ ಮೋಡದ ಸೀಳಿನಲ್ಲಿ ಒಂದು ಚುಕ್ಕಿ. ಅವಳಿಗೆ ಹೆದರಿಕೆಯಾಗಲಿಲ್ಲ, ಸಂತೋಷವೂ ಆಗಲಿಲ್ಲ, ಎರಡಕ್ಕೂ ಜಾಗವಿರಲಿಲ್ಲ. "ಅಯ್ಯೋ ದೇವರೇ," ಎಂದಿತು ಬಾಯಿ.

ಕಪ್ಪಿನ ಅಂಚಿನಲ್ಲಿ ಒಂದು ಹನಿ ಬೆಳಕು ಒಡೆಯಿತು. ಅವಳು ಕೂಡಲೇ ಕಣ್ಣು ಕೆಳಗಿಳಿಸಿದಳು. ತಲೆ ಅಲ್ಲೇ ಇತ್ತು.

ಮಗಳನ್ನು ಹತ್ತಿಸಿಕೊಂಡು ದೋಣಿ ದಂಡೆಗೆ ಬಂದಾಗ ಐತಾಳರು ನೀರಿನಲ್ಲೇ ನಿಂತಿದ್ದರು. ಜಪಮಣಿ ಮುಷ್ಟಿಯಲ್ಲಿ ಹಾಗೇ ಇತ್ತು.

"ಜಪ ಮುಗೀತಾ?" ಕಮಲಾಕ್ಷಿ ಕೇಳಿದಳು.

"ಎಲ್ಲಿಯ ಜಪ ಮಾರಾಯ್ತಿ. ಕೂಗಿದ್ದು ಕೇಳಿ ಕಣ್ಣು ಬಿಟ್ಟೆ." ಜಪಮಣಿಯನ್ನು ಕೊರಳಿಗೆ ಹಾಕಿಕೊಂಡರು. "ಹೀಗಿರ್ತದೆ ಅಂತ ಯಾರೂ ಹೇಳ್ಲೇ ಇಲ್ಲ."

ಮೂವರೂ ದಂಡೆಯ ಕಲ್ಲಿನ ಮೇಲೆ ಕೂತು, ಗ್ರಹಣದ ಕಪ್ಪು ಕನ್ನಡಕವೊಂದನ್ನು ಕೈಯಿಂದ ಕೈಗೆ ದಾಟಿಸುತ್ತ ಸೂರ್ಯ ತುಂಬಿಕೊಳ್ಳುವುದನ್ನು ನೋಡಿದರು. ಗ್ರಹಣದ ಕೊನೆಯ ಚೂರೂ ಬಿಟ್ಟು ಸೂರ್ಯ ದುಂಡಗಾದ. ಅವನು ಇನ್ನೂ ದಿಗಂತಕ್ಕಿಂತ ಮೇಲಿದ್ದ.

ಐತಾಳರು ಕನ್ನಡಕ ತೆಗೆದರು, ಮತ್ತೆ ಹಾಕಿ ನೋಡಿದರು. "ಮುಳುಗ್ಲಿಲ್ಲವಲ್ಲ! ಗ್ರಸ್ತಾಸ್ತ ಅಂತ ಇತ್ತು."

"ಅದು ನಮ್ಮೂರಿನ ಸೂರ್ಯನ ಲೆಕ್ಕ. ಅಲ್ಲಿ ಬೇಗ ಮುಳುಗ್ತಾನೆ," ಎಂದಳು ಕಮಲಾಕ್ಷಿ. "ಇವ ಇಲ್ಲಿಯವ."

"ಹಾಗಾದ್ರೆ ನಾಳೆವರೆಗೆ ಉಪವಾಸ ಬೇಡ. ಅಯ್ಯೋ, ಹಿಟ್ಟು ರುಬ್ಬಿಸ್ಲೇ ಇಲ್ಲ! ಬೆಳಿಗ್ಗೆ ಇಡ್ಲಿಗೆ ಬಂದವರಿಗೆ ಎಂತ ಹೇಳುದು?"

"ಗ್ರಹಣ ನೋಡ್ಲಿಕ್ಕೆ ಹೋಗಿದ್ದೆವು ಅಂತ ಹೇಳಿ," ಎಂದಳವಳು. ಎದ್ದು, ಸೀರೆಯುಟ್ಟಂತೆಯೇ, ಮೋಕ್ಷದ ಸ್ನಾನಕ್ಕೆ ನೀರಿಗಿಳಿದಳು. ಮಗಳು ದಂಡೆಯಲ್ಲಿ ಕೂತು, ಅವಳ ತಲೆಯ ಮೇಲೆ ಕಣ್ಣಿಟ್ಟಿದ್ದಳು.