ಅಮ್ಮ ಹತ್ತುತ್ತಿದ್ದ ಕುದುರೆ

ಅಬ್ಬಿಗೇರಿಯ ಹೊಳಿಯಪ್ಪನ ಕುದುರೆಗಳನ್ನು ಕುದುರೆ ಎನ್ನಬೇಕಾದರೆ ಮನಸ್ಸು ದೊಡ್ಡದಿರಬೇಕಿತ್ತು. ಹಳೆಯ ಬಂಡಿಯ ಗಾಲಿಯೊಂದನ್ನು ಗಟ್ಟಿ ಕಂಬದ ತುದಿಗೆ ಮಲಗಿಸಿ ಕೂಡಿಸಿ, ಅದರ ಸುತ್ತ ಸರಪಳಿಯಿಂದ ಮರದ ಕುದುರೆಗಳನ್ನು ಇಳಿಬಿಟ್ಟಿದ್ದ. ಅವನ್ನು ಕೆತ್ತಿದ ಬಡಿಗೇರ ಕನಕಪ್ಪ ಹುಟ್ಟಿದಾಗಿನಿಂದ ಕೂರಿಗೆ ಕುಂಟೆ ಬಿಟ್ಟು ಬೇರೆ ಮಾಡಿದವನಲ್ಲ. ಹಾಗಾಗಿ ಅವಕ್ಕೆ ಕತ್ತೆಯ ಕಿವಿ, ಎತ್ತಿನ ಕಣ್ಣು. ನಮ್ಮ ನರೇಗಲ್ಲಿನ ಸಂತೆಯಲ್ಲಿ ದೊಡ್ಡವರು, "ಏನೋ ಹೊಳಿಯಪ್ಪಾ, ಕತ್ತಿಗೆ ಮೇವು ಹಾಕಿದ್ಯೋ ಇಲ್ಲೋ?" ಎಂದು ಚೇಷ್ಟೆ ಮಾಡುತ್ತಿದ್ದರು. ಮಕ್ಕಳು ಮಾತ್ರ ಆ ಕತ್ತೆಗಳಿಗಾಗಿಯೇ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದವು.

ಕುದುರೆ ಕಟ್ಟುವ ಮೊದಲು ಹೊಳಿಯಪ್ಪ ಕಂಡವರ ಹೊಲದಲ್ಲಿ ದುಡಿದವನು. ಈಗ ನರೇಗಲ್, ಗಜೇಂದ್ರಗಡ, ನರಗುಂದ ಎಂದು ಸಂತೆಯಿಂದ ಸಂತೆಗೆ ಬಂಡಿ ಹೂಡಿಕೊಂಡು ತಿರುಗುತ್ತಿದ್ದ. ಕಂಬದ ಸುತ್ತ ತಾನೇ ಓಡುತ್ತ ಗಾಲಿ ತಿರುವುತ್ತಿದ್ದ, ನಡುನಡುವೆ ಕುದುರೆಯಂತೆ ಕೆನೆಯುತ್ತಿದ್ದ. ಕೆನೆತವೊಂದು ಅಪ್ಪಟ ಕುದುರೆಯದೇ, ಅದರಲ್ಲಿ ಸುಳ್ಳಿಲ್ಲ. ಜೊತೆಗೆ ಹೆಂಡತಿ ಅಡಿವೆವ್ವ, ಮಗಳು ತಿಪ್ಪವ್ವ. ಮೊದಲು ಹುಟ್ಟಿದ ಕೂಸುಗಳು ಯಾವೂ ಉಳಿದಿರಲಿಲ್ಲ. ಅದಕ್ಕೆ ಇವಳನ್ನು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಮಲಗಿಸಿ, ಸಾವಿಗೂ ಬೇಡವಾಗಲಿ ಎಂದು ಆ ಹೆಸರಿಟ್ಟು ಎತ್ತಿಕೊಂಡು ಬಂದಿದ್ದರು. ಯಾವ ಊರಿನ ಸಂತೆಯಾಗಲಿ, ಮೊದಲ ಸುತ್ತು ತಿಪ್ಪವ್ವನದೇ.

ಆಗ ಸಿಡುಬನ್ನು ಸಿಡುಬು ಎನ್ನುವ ಧೈರ್ಯ ನಮ್ಮ ಕಡೆ ಯಾರಿಗೂ ಇರಲಿಲ್ಲ. ಮನೆಗೆ ಅಮ್ಮ ಬಂದಿದ್ದಾಳೆ ಎನ್ನಬೇಕು. ಅವಳು ಇರುವಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ, ಜೋರು ಮಾತಿಲ್ಲ. ಮಗು ಬದುಕಿದರೆ ಬೇವಿನ ನೀರು ಹಾಕಿ, ಮೊಸರನ್ನದ ಎಡೆ ಹಿಡಿದು, ಅಮ್ಮನನ್ನು ಊರ ಗಡಿ ದಾಟಿಸಿ ಬರುವುದು. ಒಂದು ಸಲ ಗಜೇಂದ್ರಗಡದಲ್ಲಿ ಸಕ್ರವ್ವ ಎಂಬ ಹೆಂಗಸು, ಆಗಷ್ಟೇ ಹಾಸಿಗೆಯಿಂದ ಎದ್ದ ಮಗನನ್ನು ಎತ್ತಿಕೊಂಡು ಬಂದವಳೇ ಕುದುರೆಯ ಕಿವಿಗೆ ಬೇವಿನ ಟೊಂಗೆ ಸಿಗಿಸಿದಳು.

"ಅಮ್ಮ ನಡಕೋತ ಯಾಕ ಹೋಗಬೇಕೋ ಯಪ್ಪಾ? ಕುದುರಿ ಹತ್ತಿ ಹೋಗ್ಲಿ. ಒಂದ್ ಸುತ್ತ ತಿರುವು."

ಅಷ್ಟೇ ಸಾಕಾಯಿತು. ಒಬ್ಬಳು ಮಾಡಿದ್ದನ್ನು ಊರೆಲ್ಲ ಮಾಡಿತು, ಆ ಊರು ಮಾಡಿದ್ದನ್ನು ಉಳಿದ ಊರುಗಳು ಮಾಡಿದವು. ಎದ್ದ ಮಕ್ಕಳನ್ನು ಹೊಳಿಯಪ್ಪನ ಕುದುರೆ ಹತ್ತಿಸದೆ ಅಮ್ಮ ಹೋಗುವುದಿಲ್ಲ ಎಂದಾಯಿತು. ಆ ಸುತ್ತಿಗೆ ಅವನು ದುಡ್ಡು ಮುಟ್ಟುತ್ತಿರಲಿಲ್ಲ. ಕಾಲಲ್ಲಿ ತ್ರಾಣವಿಲ್ಲದ ಆ ಮಕ್ಕಳು ಬೀಳದಂತೆ ತಿಪ್ಪವ್ವ ಹಿಂದೆ ಕೂತು ಅವುಚಿ ಹಿಡಿಯುತ್ತಿದ್ದಳು. ಕತ್ತೆ ಎಂದು ನಕ್ಕವರೇ ಈಗ ಆ ಕುದುರೆಯ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, ಅವನನ್ನು 'ಹೊಳಿಯಪ್ಪನವರ' ಎಂದು ಕರೆದರು. ಆ 'ಅವರ' ಎಂಬುದೇ ಅವನ ತಲೆ ಕೆಡಿಸಿತು ಎಂದು ನಾನು ಈಗಲೂ ಹೇಳುತ್ತೇನೆ.

ಏಕೀಕರಣವಾದ ಮರುವರ್ಷ ಸಿಡುಬಿನ ಚುಚ್ಚುಮದ್ದು ಹಾಕುವವರು ಅಬ್ಬಿಗೇರಿಗೆ ಬಂದರು. ಚಾವಡಿಯ ಮುಂದೆ ಮಕ್ಕಳ ಚೀರಾಟ ಓಣಿಗೆಲ್ಲ ಕೇಳುತ್ತಿತ್ತು. ತಿಪ್ಪವ್ವ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು.

"ಕೇಳ್ರಿಲ್ಲೆ, ಎಲ್ಲಾರೂ ಹಾಕಸಾಕತ್ತಾರ. ನಮ್ಮ ಕೂಸಿಗೂ ಹಾಕಸೂಣು" ಎಂದಳು ಅಡಿವೆವ್ವ.

"ನಿನಗ ಹುಚ್ಚು. ಅಮ್ಮ ನಮ್ಮ ಕುದುರಿ ಹತ್ತಾಕಿ, ನಮ್ಮ ಕೂಸಿನ್ನ ಮುಟ್ಟತಾಳೇನು? ಸೂಜಿ ಚುಚ್ಚಿಸಿದ್ರ ನಮಗ ಅಕಿ ಮ್ಯಾಲ ನಂಬಿಗಿ ಇಲ್ಲಂದಂಗ ಆಗತೈತಿ."

ಮಗಳನ್ನು ಬಂಡಿಯಲ್ಲಿ ಹಾಕಿಕೊಂಡು ಎರೆಹೊಲದ ಕಡೆ ಹೋದವನು, ಅವರು ಊರು ಬಿಟ್ಟ ಮೇಲೆಯೇ ಬಂದ. ಅದರಲ್ಲಿ ಭಕ್ತಿ ಎಷ್ಟು, ಮಗಳು ಅಳುವುದನ್ನು ನೋಡಲಾರದ ಪುಕ್ಕಲುತನ ಎಷ್ಟು ಎಂಬುದು ಅವನಿಗಾದರೂ ಗೊತ್ತಿತ್ತೋ ಇಲ್ಲವೋ.

ಆ ಬೇಸಿಗೆ ನರಗುಂದದ ಸಂತೆಗೆ ಒಂದು ಸಣ್ಣ ಹುಡುಗಿಯನ್ನು ಕರೆತಂದರು. ಮೈಮೇಲಿನ ಹಕ್ಕಳೆ ಇನ್ನೂ ಪೂರ್ತಿ ಉದುರಿರಲಿಲ್ಲ. ತಿಪ್ಪವ್ವ ಎಂದಿನಂತೆ ಹಿಂದೆ ಕೂತು, ಅದರ ತಲೆಯನ್ನು ಎದೆಗೆ ಒರಗಿಸಿಕೊಂಡು ಸುತ್ತು ಹಾಕಿಸಿದಳು. ಅದಾಗಿ ಕೆಲವು ದಿನಕ್ಕೆ ಅವಳಿಗೇ ಜ್ವರ ಬಂತು. ಜ್ವರದ ಹಿಂದೆ ಗುಳ್ಳೆ ಎದ್ದವು.

ಹೊಳಿಯಪ್ಪ ಹೆದರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. "ನಮ್ಮ ಮನಿ ಮಂದಿ ಅಂತ ತಿಳಕೊಂಡು ಬಂದಾಳ. ಎರಡ್ ದಿನ ಇದ್ದು ಹೋಗತಾಳ" ಎಂದು ಬಾಗಿಲಿಗೆ ಬೇವು ಕಟ್ಟಿದ. ಒಂದು ಕುದುರೆಯನ್ನು ಬಿಚ್ಚಿ ತಂದು, ಅಮ್ಮ ಹೊರಟಾಗ ಸಿದ್ಧವಿರಲಿ ಎಂದು ಹೊಸ್ತಿಲ ಬಳಿ ನಿಲ್ಲಿಸಿದ. ಅಡಿವೆವ್ವ ಕಾಲು ಹಿಡಿದು ಬೇಡಿಕೊಂಡಳು.

"ರೋಣದ ದವಾಖಾನಿಗೆ ಒಯ್ಯೂಣ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

ಅವನು ಬಂಡಿ ಹೂಡಲಿಲ್ಲ. ಗುಳ್ಳೆಗಳು ತುಂಬಿ ತಿಪ್ಪವ್ವನ ಕಣ್ಣು ಮುಚ್ಚಿಹೋದವು. ನಡುಮಧ್ಯಾಹ್ನ ಅವಳು ಕೈಯಿಂದ ತಡಕಾಡಿ, "ಯಪ್ಪಾ, ಕುದುರಿ ಹಂಗ ಒದರು" ಎಂದಳು. ಹೊಳಿಯಪ್ಪ ಕೆನೆದ. "ಇನ್ನೊಮ್ಮಿ" ಎಂದಳು. ಮತ್ತೆ ಕೆನೆದ. ಮೂರನೆಯ ಸಲ ಅವಳು ಕೇಳಲಿಲ್ಲ. ಅವನು ಮಾತ್ರ ನಿಲ್ಲಿಸದೆ ಕೆನೆಯುತ್ತಲೇ ಇದ್ದ. ಕೊನೆಗೆ ಅಡಿವೆವ್ವ ಅವನ ಬಾಯಿಯ ಮೇಲೆ ಕೈ ಇಟ್ಟಳು.

ತಿಪ್ಪೆಯ ಮೇಲಿಂದ ಎತ್ತಿ ತಂದ ಮಗುವನ್ನು ಮಣ್ಣಿಗೆ ಕೊಟ್ಟು ಬಂದರು. ಅಡಿವೆವ್ವ ಬಾಗಿಲ ಬೇವು ಬಿಚ್ಚಿ ಎಸೆದು, ಹೊಸ್ತಿಲ ಬಳಿಯ ಕುದುರೆಯನ್ನು ತಾನೇ ಹೊತ್ತೊಯ್ದು ಬಂಡಿಗೆ ಹಾಕಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ಹೊಳಿಯಪ್ಪ ಹೆಂಡತಿಯೊಡನೆ ಮತ್ತೆ ಸಂತೆಗೆ ಬಂದ. ಈಗ ಗಾಲಿ ತಿರುಗುವ ಮೊದಲು ಪ್ರತಿ ಮಗುವಿನ ತೋಳಿನ ಬಟ್ಟೆ ಸರಿಸಿ ನೋಡುತ್ತಿದ್ದ. ಚುಚ್ಚಿದ ಕಲೆ ಇದ್ದರೆ ಹತ್ತಿಸಿಕೊಳ್ಳುವನು, ಇಲ್ಲದಿದ್ದರೆ ಇಳಿಸಿಬಿಡುವನು. ಬೇವಿನ ಟೊಂಗೆ ಹಿಡಿದು ಬಂದ ತಾಯಂದಿರಿಗೆ ಕೈ ಮುಗಿಯುತ್ತಿದ್ದ.

"ಇಲ್ಲೆ ಅಮ್ಮ ಕುದುರಿ ಹತ್ತೂದಿಲ್ಲ ಯವ್ವಾ. ಹಕ್ಕಳಿ ಎಲ್ಲಾ ಉದರೂತನಕ ಕೂಸಿನ್ನ ಮನ್ಯಾಗ ಇಟ್ಗೊಳ್ರಿ."

ಸೊಕ್ಕು ಎಂದರು, ಹುಚ್ಚು ಎಂದರು, ಮಗಳು ಹೋದರೂ ಬುದ್ಧಿ ಬರಲಿಲ್ಲ ಎಂದೂ ಅಂದರು. 'ಅವರ' ಎಂಬುದು ಹೋಗಿ ಮತ್ತೆ ಬರೀ ಹೊಳಿಯಪ್ಪನಾದ. ಅವನು ಕೆನೆಯುವುದನ್ನೂ ಬಿಟ್ಟಿದ್ದ.

ಒಂದು ಸಂತೆಯ ದಿನ ನರೇಗಲ್ಲಿನಲ್ಲಿ ಬಳೆ ಮಾರುವ ಮೈಮುನಬಿಯ ಮಗಳು ಮುಮತಾಜಬಿ ಬಂದಳು. ತಿಪ್ಪವ್ವನದೇ ವಯಸ್ಸು. ಕೇಳುವ ಮೊದಲೇ ತೋಳು ಮುಂದೆ ಮಾಡಿ, ಹೊಸದಾಗಿ ಮಾಗಿದ ಗುಂಡನೆಯ ಕಲೆ ತೋರಿಸಿದಳು. ಹೊಳಿಯಪ್ಪ ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದ.

"ಭಾಳ ನೋವಾತೇನು, ಯವ್ವಾ?"

"ಹೂಂ, ಆತು. ಭಾಳ ಅತ್ತೆ."

"ಆಮ್ಯಾಲ?"

"ಆಮ್ಯಾಲ ಅವ್ವ ಬೆಲ್ಲ ಕೊಟ್ಲು. ಸುಮ್ಮನಾದೆ."

"ಎಷ್ಟ ಬೆಲ್ಲ?"

ಅವಳು ತೋರುಬೆರಳಿನ ತುದಿಗೆ ಹೆಬ್ಬೆರಳು ಒತ್ತಿ ತೋರಿಸಿದಳು. "ಇಷ್ಟು."

ಹೊಳಿಯಪ್ಪ ಅವಳನ್ನು ಎತ್ತಿ ಕುದುರೆಯ ಮೇಲೆ ಕೂರಿಸಿದ. ಗಾಲಿಗೆ ಕೈ ಕೊಟ್ಟು ಎರಡು ಹೆಜ್ಜೆ ಇಟ್ಟವನು ಅಲ್ಲೇ ಧೂಳಿನಲ್ಲಿ ಕುಸಿದು ಕೂತ. ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ತುರುಕಿಕೊಂಡರೂ ಅಳು ಸಂತೆಗೆಲ್ಲ ಕೇಳಿತು. "ಇಷ್ಟು ಬೆಲ್ಲ, ಅಡಿವೆವ್ವಾ" ಎಂದು ಬೆರಳು ಒತ್ತಿ ಹೆಂಡತಿಗೆ ತೋರಿಸುತ್ತಿದ್ದ, "ಬರೇ ಇಷ್ಟು ಬೆಲ್ಲ."

ಕುದುರೆಗಳ ಮೇಲಿದ್ದ ಮಕ್ಕಳು ಹೆದರಿ ಸರಪಳಿ ಹಿಡಿದುಕೊಂಡವು. ಬಂಡಿಯ ನೆರಳಲ್ಲಿ ಕೂತಿದ್ದ ಅಡಿವೆವ್ವ ಎದ್ದು ಸೆರಗು ಸಿಗಿಸಿಕೊಂಡು ಬಂದು, ಗಂಡನನ್ನು ಬದಿಗೆ ಬಿಟ್ಟು ದಾಟಿ, ಗಾಲಿ ತಿರುವಲು ಶುರು ಮಾಡಿದಳು.